ಮನೇಲಿ ಯಾರಿಗಾದ್ರೂ ಫಿಟ್ಸ್ ಬಂದ್ರೆ ಏನ್ ಮಾಡ್ಬೇಕು: ಮೊದಲ 5 ನಿಮಿಷದಿಂದ ಮಾತ್ರೆ ನಿಲ್ಲಿಸೋವರೆಗೂ

ಫಿಟ್ಸ್ ಅನ್ನೋದು ಮೆದುಳಿನ ಕಾಯಿಲೆ, ಅದಕ್ಕೆ ಔಷಧಿ ಇದೆ. ಸರಿಯಾದ ಮಾತ್ರೆ ಸರಿಯಾದ ಟೈಮಿಗೆ ತಗೊಂಡ್ರೆ 10 ಜನರಲ್ಲಿ ಸುಮಾರು 7 ಜನ ಫಿಟ್ಸೇ ಬರದ ಹಾಗೆ ಬದುಕಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ. ಆದ್ರೂ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇನ್ನೂ ಇದನ್ನ ಮುಚ್ಚಿಡ್ತಾರೆ, ದೃಷ್ಟಿ ತೆಗಿಸ್ತಾರೆ, ತಾಯಿತ ಕಟ್ಟಿಸ್ತಾರೆ, ಮದುವೆ ವಯಸ್ಸಿನ ಹುಡುಗಿ ಆದ್ರಂತೂ ಅಕ್ಕಪಕ್ಕದವರಿಗೆ ಗೊತ್ತಾಗ್ಬಾರ್ದು ಅಂತ ಡಾಕ್ಟರ್ ಚೀಟಿನೇ ಬಚ್ಚಿಡ್ತಾರೆ. ನಮ್ಮ ಮನೇಲೂ ಒಬ್ಬರಿಗೆ ಫಿಟ್ಸ್ ಇದೆ, ಓಪಿಡಿ ಸಾಲಲ್ಲಿ ಕೂತು ಬೇರೆಯವರ ಕಥೆನೂ ತುಂಬ ಕೇಳಿದೀನಿ, ನನಗೆ ಗಟ್ಟಿಯಾಗಿ ಅನ್ಸಿರೋದು ಏನಂದ್ರೆ ಫಿಟ್ಸ್ ಬಂದು ಕೆಟ್ಟವರಿಗಿಂತ ಮಾತ್ರೆ ಮಧ್ಯದಲ್ಲಿ ಬಿಟ್ಟು ಕೆಟ್ಟವರೇ ಜಾಸ್ತಿ. ಹಾಗಾಗಿ ಇಲ್ಲಿ ಮಾತ್ರೆ ವಿಷಯ ಸ್ವಲ್ಪ ಉದ್ದಕ್ಕೇ ಬರ್ದಿದೀನಿ, ತಾಳ್ಮೆಯಿಂದ ಓದಿ. ಇದು ಡಾಕ್ಟರ್ ಮಾತಿಗೆ ಬದಲಿ ಅಲ್ಲ, ಡಾಕ್ಟರ್ ಹತ್ರ ಹೋಗೋಕೆ ಮುಂಚೆ ಮತ್ತೆ ಹೋಗಿಬಂದ ಮೇಲೆ ಮನೆಯವರಿಗೆ ಗೊತ್ತಿರ್ಬೇಕಾದ್ದು.

ಮೊದಲು: ಕಣ್ಣೆದುರಿಗೇ ಫಿಟ್ಸ್ ಬಂದಾಗ

ನೋಡೋಕೆ ಭಯ ಆಗತ್ತೆ ನಿಜ, ಕೈಕಾಲು ಸೆಟೆದುಕೊಳ್ಳತ್ತೆ, ಕಣ್ಣು ಮೇಲೆ ಹೋಗತ್ತೆ, ಬಾಯಲ್ಲಿ ನೊರೆ, ಮುಖ ನೀಲಿ ಆದ ಹಾಗೆ ಕಾಣತ್ತೆ, ಆದ್ರೆ ಹೆಚ್ಚಿನ ಫಿಟ್ಸ್ 1ರಿಂದ 3 ನಿಮಿಷದ ಒಳಗೆ ತಾನಾಗೇ ನಿಲ್ಲತ್ತೆ. ನೀವು ಮಾಡ್ಬೇಕಾದ ಮೊದಲ ಕೆಲಸ ಗಡಿಯಾರ ನೋಡೋದು. ಎಷ್ಟು ಗಂಟೆಗೆ ಶುರು ಆಯ್ತು ಅಂತ ಗೊತ್ತಿದ್ರೆ ಮುಂದಿನ ಎಲ್ಲ ತೀರ್ಮಾನ ಸುಲಭ, ಇಲ್ದಿದ್ರೆ ಒಂದು ನಿಮಿಷ ಅರ್ಧ ಗಂಟೆ ಥರ ಅನ್ಸತ್ತೆ.

ಸುತ್ತ ಇರೋ ಕುರ್ಚಿ, ಚೂಪಾದ ಸಾಮಾನು, ಬಿಸಿ ಪಾತ್ರೆ ಎಲ್ಲ ಆಚೆ ಸರಿಸಿ. ತಲೆ ಕೆಳಗೆ ಟವೆಲ್ಲೋ ಶಾಲೋ ಮಡಿಸಿ ಇಡಿ. ಕುತ್ತಿಗೆ ಹತ್ರ ಗುಂಡಿ ಬಿಚ್ಚಿ, ಕನ್ನಡಕ ತೆಗೀರಿ. ಒದ್ದಾಟ ಸ್ವಲ್ಪ ಕಮ್ಮಿ ಆದ ತಕ್ಷಣ ನಿಧಾನಕ್ಕೆ ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಎಡಗಡೆ ಆದ್ರೂ ಸರಿ ಬಲಗಡೆ ಆದ್ರೂ ಸರಿ, ಬಾಯಿ ಸ್ವಲ್ಪ ಕೆಳಮುಖ ಇರ್ಲಿ, ಜೊಲ್ಲು ವಾಂತಿ ಏನಿದ್ರೂ ಹೊರಗೆ ಹರಿದುಹೋಗ್ಬೇಕು, ಶ್ವಾಸಕೋಶಕ್ಕೆ ಇಳೀಬಾರ್ದು. ಆಮೇಲೆ ಪಕ್ಕದಲ್ಲೇ ಕೂತ್ಕೊಳ್ಳಿ, ಪೂರ್ತಿ ಎಚ್ಚರ ಆಗೋವರೆಗೆ ಒಬ್ಬರನ್ನೇ ಬಿಡಬೇಡಿ, ಎದ್ದ ಮೇಲೆ ಸ್ವಲ್ಪ ಹೊತ್ತು ಗೊಂದಲ ಇರತ್ತೆ, ಎಲ್ಲಿದೀನಿ ಅಂತ ಗೊತ್ತಾಗಲ್ಲ, ಆಗ ಮೆತ್ತಗೆ ಹೆಸರು ಹಿಡಿದು ಮಾತಾಡಿಸಿ.

ಈಗ ಮಾಡ್ಬಾರ್ದು ಅನ್ನೋದು. ಕೈಗೆ ಬೀಗದ ಕೈ, ಕಬ್ಬಿಣ ಕೊಡೋದ್ರಿಂದ ಏನೂ ಆಗಲ್ಲ. ಕಬ್ಬಿಣ ಹುಡುಕಿ ತರೋಷ್ಟರಲ್ಲಿ ಫಿಟ್ಸ್ ತಾನಾಗೇ ನಿಂತಿರತ್ತೆ, ಜನ ಕಬ್ಬಿಣದಿಂದ ನಿಂತಿತು ಅಂದ್ಕೊಳ್ತಾರೆ. ಮೊನಚಾದ ಕೀ ಆದ್ರೆ ಅಂಗೈಗೆ ಗಾಯ ಬೇರೆ. ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯೋದು, ಚಪ್ಪಲಿ ಮೂಸಿಸೋದು ಇದೆಲ್ಲ ಬೇಡ, ಆ ಮನುಷ್ಯನಿಗೆ ಅದು ಅವಮಾನ ಅಷ್ಟೇ. ಬಾಯಿಗೆ ಚಮಚ, ಬಟ್ಟೆ, ಬೆರಳು ಯಾವುದನ್ನೂ ತುರುಕಬೇಡಿ, ನಾಲಿಗೆ ನುಂಗಿಬಿಡ್ತಾರೆ ಅನ್ನೋದು ಸುಳ್ಳು, ನಾಲಿಗೆ ಕಚ್ಚಿಕೊಂಡ್ರೂ ಆ ಗಾಯ ವಾಸಿ ಆಗತ್ತೆ, ಆದ್ರೆ ಮುರಿದ ಹಲ್ಲು ಗಂಟಲಿಗೆ ಹೋದ್ರೆ ಪ್ರಾಣಕ್ಕೇ ಅಪಾಯ. ಕೈಕಾಲು ಅದುಮಿ ಹಿಡ್ಕೊಂಡ್ರೆ ಫಿಟ್ಸ್ ನಿಲ್ಲಲ್ಲ, ಭುಜ ಜಾರಬಹುದು ಅಥವಾ ಮೂಳೆ ಮುರೀಬಹುದು. ಪೂರ್ತಿ ಎಚ್ಚರ ಆಗೋ ಮುಂಚೆ ನೀರು, ಕಾಫಿ, ಮಾತ್ರೆ ಏನೂ ಬಾಯಿಗೆ ಹಾಕ್ಬೇಡಿ.

108ಕ್ಕೆ ಯಾವಾಗ ಫೋನ್ ಮಾಡ್ಬೇಕು

ಒದ್ದಾಟ 5 ನಿಮಿಷ ದಾಟಿದ್ರೆ ತಕ್ಷಣ. 5 ನಿಮಿಷ ಆದ ಮೇಲೆ ಫಿಟ್ಸ್ ತಾನಾಗಿ ನಿಲ್ಲೋ ಸಾಧ್ಯತೆ ಕಮ್ಮಿ ಆಗ್ತಾ ಹೋಗತ್ತೆ, ಹೊತ್ತಾದಷ್ಟೂ ಮೆದುಳಿಗೆ ಪೆಟ್ಟು, ಹಾಗಾಗಿ ಆಗ ಕಾಯ್ಬಾರ್ದು. ಒಂದು ನಿಂತು ಎಚ್ಚರ ಆಗೋ ಮುಂಚೆನೇ ಇನ್ನೊಂದು ಬಂದ್ರೆ, ಜೀವನದಲ್ಲೇ ಮೊದಲ ಸಲ ಬಂದಿದ್ರೆ, ತಲೆಗೆ ಏಟು ಬಿದ್ದಿದ್ರೆ, ನೀರಲ್ಲಿ ಬಂದಿದ್ರೆ, ಉಸಿರಾಟ ಸರಿ ಇಲ್ಲದಿದ್ರೆ, ಸಕ್ಕರೆ ಕಾಯಿಲೆಯವರಿಗೆ ಬಂದ್ರೆ ಆಗಲೂ ಹಾಗೇ. ಸಕ್ಕರೆ ಕಾಯಿಲೆಯವರ ಮನೇಲಿ ಗ್ಲೂಕೋಮೀಟರ್ ಇದ್ರೆ ಒಂದು ಸಲ ಚೆಕ್ ಮಾಡಿ, ಶುಗರ್ ತುಂಬ ಇಳಿದ್ರೂ ಫಿಟ್ಸ್ ಬರತ್ತೆ.

ಗರ್ಭಿಣಿಗೆ ಬಂದ್ರಂತೂ ಒಂದು ನಿಮಿಷನೂ ಯೋಚನೆ ಮಾಡ್ಬೇಡಿ. 5 ತಿಂಗಳು ದಾಟಿದ ಮೇಲೆ ಬಿಪಿ ಏರಿ ಬರೋ ಫಿಟ್ಸ್ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ, ಅದಕ್ಕೆ ಆಸ್ಪತ್ರೆಯಲ್ಲಿ ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಕೊಡ್ತಾರೆ. ಹೆರಿಗೆ ಆದ ಮೇಲೂ ಕೆಲವು ದಿನ ಇದು ಬರಬಹುದು, ಬಾಣಂತಿಗೆ ಶೀತ ಆಗಿದೆ, ಸನ್ನಿ ಆಗಿದೆ ಅಂತ ಮನೇಲೇ ಇಟ್ಕೋಬೇಡಿ.

ಈಗಾಗ್ಲೇ ಫಿಟ್ಸ್ ಇರೋವ್ರ ಮನೇಲಿ ಫಿಟ್ಸ್ ನಿಲ್ಲಿಸೋಕೆ ಮೂಗಿಗೆ ಹೊಡೆಯೋ ಮಿಡಜೋಲಂ ಸ್ಪ್ರೇ ಇಟ್ಕೊಳ್ಳೋದು ಒಳ್ಳೇದು. ಎಷ್ಟು ಸಲ ಒತ್ತಬೇಕು ಅನ್ನೋದು ತೂಕದ ಮೇಲೆ ಲೆಕ್ಕ, ಡಾಕ್ಟರ್ ಕೈಯಲ್ಲೇ ಚೀಟಿಯಲ್ಲಿ ಬರೆಸ್ಕೊಳ್ಳಿ, ಆ ಚೀಟಿನ ಸ್ಪ್ರೇ ಡಬ್ಬಕ್ಕೇ ಅಂಟಿಸಿ. ದೂರದ ಹಳ್ಳಿಗಳಿಗೆ ಆಂಬುಲೆನ್ಸ್ ಬರೋಕೆ ಹೊತ್ತಾಗತ್ತೆ, ಅಂಥ ಕಡೆ ಈ ಸ್ಪ್ರೇ ತುಂಬ ದೊಡ್ಡ ಆಸರೆ.

ಜ್ವರ ಬಂದಾಗ ಚಿಕ್ಕ ಮಕ್ಕಳಿಗೆ ಬರೋ ಫಿಟ್ಸ್ ಬೇರೆ ಥರದ್ದು. 6 ತಿಂಗಳಿಂದ 5 ವರ್ಷದ ಮಕ್ಕಳಲ್ಲಿ 100ಕ್ಕೆ 2ರಿಂದ 5 ಮಕ್ಕಳಿಗೆ ಇದು ಬರತ್ತೆ, ಹೆಚ್ಚಿನ ಮಕ್ಕಳಿಗೆ ದೊಡ್ಡವರಾದ ಮೇಲೆ ಏನೂ ಇರಲ್ಲ. ಮೊದಲ ಸಲ ಬಂದಾಗ ಮಾತ್ರ ಜ್ವರಕ್ಕೆ ಕಾರಣ ಏನು, ಮೆದುಳು ಜ್ವರ ಅಲ್ಲ ತಾನೇ ಅಂತ ಡಾಕ್ಟರ್ ನೋಡ್ಲೇಬೇಕು.

ಆಮೇಲೆ: ಬರ್ದಿಡಿ, ವಿಡಿಯೋ ಮಾಡಿ

ಇದನ್ನ ಜನ ಮಾಡೋದೇ ಇಲ್ಲ, ಆದ್ರೆ ನರರೋಗದ ಡಾಕ್ಟರ್, ಅಂದ್ರೆ ನ್ಯೂರಾಲಜಿಸ್ಟ್‌ಗೆ ಅತಿ ಮುಖ್ಯವಾಗಿ ಬೇಕಾಗಿರೋದು ಇದೇ. ಡಾಕ್ಟರ್ ಕಣ್ಣೆದುರಿಗೆ ಫಿಟ್ಸ್ ಬರೋದು ತೀರಾ ಅಪರೂಪ, ಅವ್ರು ಕಾಯಿಲೆ ಗುರುತಿಸೋದು ನೋಡಿದವರ ಬಾಯಿಂದ ಕೇಳಿ. ರೋಗಿ ಜೊತೆ ಹೋಗೋರು ಫಿಟ್ಸ್ ಕಣ್ಣಾರೆ ನೋಡಿದವರೇ ಆಗಿರ್ಬೇಕು, ಬೆಳಗ್ಗೆ ರಜ ಸಿಕ್ಕಿದೆ ಅಂತ ಬರೋ ಚಿಕ್ಕಪ್ಪ ಅಲ್ಲ. ರೋಗಿಯನ್ನ ಮಗ್ಗುಲಿಗೆ ಮಲಗಿಸಿದ ಮೇಲೆ ಮನೇಲಿ ಇನ್ನೊಬ್ಬರು ಇದ್ರೆ ಅವ್ರು ಫೋನಲ್ಲಿ ವಿಡಿಯೋ ತೆಗೀಲಿ, ಡಾಕ್ಟರಿಗೆ ತೋರಿಸೋಕೆ ಮಾತ್ರ, ಯಾವ ಗ್ರೂಪಿಗೂ ಹಾಕೋಕೆ ಅಲ್ಲ.

ಒಂದು ನೋಟ್‌ಬುಕ್ ಇಡಿ. ತಾರೀಖು, ಟೈಮು, ನಿದ್ದೆಯಲ್ಲಿ ಬಂತಾ ಎಚ್ಚರ ಇದ್ದಾಗ ಬಂತಾ, ಮೊದಲು ಯಾವ ಕೈ ಅಥವಾ ಮುಖದ ಯಾವ ಕಡೆ ಎಳೀತು, ತಲೆ ಯಾವ ಕಡೆ ತಿರುಗಿತು, ಬರೋ ಮುಂಚೆ ಅವ್ರಿಗೆ ಏನಾದ್ರೂ ಅನ್ಸಿತ್ತಾ, ಎಷ್ಟು ಹೊತ್ತು ಇತ್ತು, ನಾಲಿಗೆ ಕಚ್ಚಿಕೊಂಡ್ರಾ, ಬಟ್ಟೇಲಿ ಮೂತ್ರ ಹೋಯ್ತಾ, ಎದ್ದ ಮೇಲೆ ಎಷ್ಟು ಹೊತ್ತು ಗೊಂದಲ ಇತ್ತು. ಹಿಂದಿನ ರಾತ್ರಿ ನಿದ್ದೆ ಆಗಿತ್ತಾ, ಮಾತ್ರೆ ತಪ್ಪಿತ್ತಾ, ಹೆಣ್ಣುಮಕ್ಕಳಾದ್ರೆ ಮುಟ್ಟಿನ ದಿನ ಹತ್ರ ಇತ್ತಾ ಅನ್ನೋದನ್ನೂ ಬರೀರಿ. ಎರಡು ಮೂರು ತಿಂಗಳು ಹೀಗೆ ಬರ್ದ್ರೆ ಫಿಟ್ಸ್ ಯಾವಾಗ ಬರತ್ತೆ ಅನ್ನೋದು ನಿಮಗೇ ಕಾಣೋಕೆ ಶುರು ಆಗತ್ತೆ.

ಎಲ್ಲ ಫಿಟ್ಸೂ ಬಿದ್ದು ಒದ್ದಾಡೋದಲ್ಲ

ಮೆದುಳಿನ ನರಕೋಶಗಳು ಸಣ್ಣ ಸಣ್ಣ ವಿದ್ಯುತ್ ಸಂಕೇತ ಕಳಿಸ್ಕೊಂಡು ಕೆಲಸ ಮಾಡ್ತವೆ. ಒಂದಷ್ಟು ಕೋಶಗಳು ಹತೋಟಿ ತಪ್ಪಿ ಒಟ್ಟಿಗೇ ಸಂಕೇತ ಬಿಡೋಕೆ ಶುರು ಮಾಡಿದ್ರೆ ಅದೇ ಫಿಟ್ಸ್. ಅದು ಮೆದುಳಿನ ಯಾವ ಜಾಗದಲ್ಲಿ ಆಗತ್ತೋ ಲಕ್ಷಣ ಆ ಜಾಗದ್ದೇ ಇರತ್ತೆ, ಅದಕ್ಕೇ ಒಬ್ಬೊಬ್ಬರದ್ದು ಒಂದೊಂದು ಥರ.

ಶಾಲೆ ಮಗು ಒಂದು, ಪಾಠ ಕೇಳ್ತಾ ಕೇಳ್ತಾ 10 ಸೆಕೆಂಡ್ ಹಾಗೇ ಶೂನ್ಯ ನೋಡತ್ತೆ, ಕರೆದ್ರೆ ತಿರುಗಲ್ಲ, ಆಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಬರೆಯೋಕೆ ಶುರು ಮಾಡತ್ತೆ, ದಿನಕ್ಕೆ ಹತ್ತಾರು ಸಲ. ಟೀಚರ್ ಗಮನ ಇಲ್ಲ ಅಂತ ಬೈತಾರೆ, ಮನೇಲಿ ಪೆಟ್ಟು ಬೀಳತ್ತೆ. ಇದು ಆಬ್ಸೆನ್ಸ್ ಫಿಟ್ಸ್ ಆಗಿರಬಹುದು, 4ರಿಂದ 10 ವರ್ಷದ ಮಕ್ಕಳಲ್ಲಿ ಜಾಸ್ತಿ, ಮಾತ್ರೆಗೆ ಚೆನ್ನಾಗಿ ಕೇಳತ್ತೆ. ಮಾರ್ಕ್ಸ್ ದಿಢೀರ್ ಇಳಿದ ಮಗುವನ್ನ ಬೈಯೋ ಮುಂಚೆ ಇದನ್ನ ಒಂದು ಸಲ ಯೋಚನೆ ಮಾಡಿ ಅಂತ ಟೀಚರ್‌ಗಳನ್ನ ಕೈಮುಗಿದು ಕೇಳ್ಕೊಳ್ತೀನಿ.

ಹೈಸ್ಕೂಲು, ಪಿಯುಸಿ ಹುಡುಗ ಹುಡುಗೀರಿಗೆ ಬೆಳಗ್ಗೆ ಎದ್ದ ಅರ್ಧ ಒಂದು ಗಂಟೆಯಲ್ಲಿ ಕೈ ಪಕ್ಕನೆ ಎಗರಿ ಕಾಫಿ ಲೋಟ, ಹಲ್ಲುಜ್ಜೋ ಬ್ರಷ್ ಬಿದ್ದುಹೋಗತ್ತೆ, ಪರೀಕ್ಷೆ ಟೈಮಲ್ಲಿ ನಿದ್ದೆಗೆಟ್ಟಾಗ ಜಾಸ್ತಿ, ಆಮೇಲೆ ಒಂದು ದಿನ ದೊಡ್ಡ ಫಿಟ್ಸ್ ಬರತ್ತೆ. ಕೈ ಎಗರೋದನ್ನ ಅವ್ರಾಗೇ ಹೇಳಲ್ಲ, ಡಾಕ್ಟರ್ ಕೇಳದೇನೂ ಇರಬಹುದು, ನೀವೇ ಹೇಳಿ. ಈ ಥರದ್ದಕ್ಕೆ ಕಾರ್ಬಮಜೆಪಿನ್, ಫೆನಿಟಾಯಿನ್ ಅನ್ನೋ ಫಿಟ್ಸ್ ಮಾತ್ರೆ ಕೊಟ್ರೆ ಜಾಸ್ತಿನೇ ಆಗಬಹುದು, ಆಬ್ಸೆನ್ಸ್ ಫಿಟ್ಸಿಗೂ ಹಾಗೇ. ಪಕ್ಕದ ಮನೆಯವರಿಗೆ ಕೇಳಿದ ಮಾತ್ರೆ ನಮ್ಮ ಮಗುಗೂ ಆಗತ್ತೆ ಅಂತ ತಗೊಳ್ಬಾರ್ದು ಅನ್ನೋದಕ್ಕೆ ಇದೇ ಕಾರಣ.

ಇನ್ನೊಂದು ಥರದಲ್ಲಿ ಹೊಟ್ಟೆಯಿಂದ ಏನೋ ಮೇಲೆ ಎದ್ದು ಬಂದ ಹಾಗೆ, ಕಾರಣ ಇಲ್ಲದ ಭಯ, ಇದೆಲ್ಲ ಮುಂಚೆನೇ ಆಗಿತ್ತು ಅನ್ನೋ ಭಾವನೆ, ಇಲ್ಲದ ವಾಸನೆ ಬರತ್ತೆ. ಆಮೇಲೆ ತುಟಿ ಚಪ್ಪರಿಸೋದು, ಸೀರೆ ಸೆರಗೋ ಅಂಗಿ ಗುಂಡಿನೋ ಸವರೋದು, ಕೇಳಿದ್ದಕ್ಕೆ ಸಂಬಂಧ ಇಲ್ಲದ ಮಾತು. ಒಂದೆರಡು ನಿಮಿಷ ಆದ ಮೇಲೆ ಏನೂ ನೆನಪಿರಲ್ಲ. ಇದು ಕಿವಿ ಪಕ್ಕದ ಟೆಂಪೊರಲ್ ಲೋಬ್ ಅನ್ನೋ ಭಾಗದ ಫಿಟ್ಸ್. ಮೈಮೇಲೆ ಬಂದಿದೆ ಅಂತ ಎಷ್ಟೋ ಹೆಣ್ಣುಮಕ್ಕಳನ್ನ ಗುಡಿ, ದರ್ಗಾ, ಮಂತ್ರವಾದಿ ಅಂತ ವರ್ಷಗಟ್ಟಲೆ ತಿರುಗಿಸೋದು ಇದಕ್ಕೇ. ದೇವರಿಗೆ ಹರಕೆ ಕಟ್ಕೊಳ್ಳೋರನ್ನ ನಾನು ಬೇಡ ಅನ್ನಲ್ಲ, ಹರಕೆ ಕಟ್ಟಿ, ಜೊತೆಗೆ ಡಾಕ್ಟರಿಗೂ ತೋರಿಸಿ.

ಬಿದ್ದಿದ್ದೆಲ್ಲ ಫಿಟ್ಸ್ ಅಲ್ಲ ಅನ್ನೋದೂ ಗೊತ್ತಿರ್ಲಿ. ಬಿಸಿಲಲ್ಲಿ ನಿಂತು, ರಕ್ತ ನೋಡಿ, ಕಣ್ಣು ಕತ್ತಲೆ ಬಂದು, ಬೆವರಿ, ಮುಖ ಬಿಳಿಚಿಕೊಂಡು ಬಿದ್ದು, ಕೆಲವು ಸೆಕೆಂಡಲ್ಲೇ ಪೂರ್ತಿ ಎಚ್ಚರ ಆದ್ರೆ ಅದು ತಲೆಸುತ್ತಿ ಬಿದ್ದಿದ್ದು ಇರಬಹುದು. ಮನಸ್ಸಿನ ಒತ್ತಡಕ್ಕೆ ಫಿಟ್ಸ್ ಥರಾನೇ ಕಾಣೋ ಅಟ್ಯಾಕ್ ಬರೋದೂ ಉಂಟು, ಕಣ್ಣು ಬಿಗಿಯಾಗಿ ಮುಚ್ಚಿರತ್ತೆ, ತುಂಬ ಹೊತ್ತು ಇರತ್ತೆ. ಅದು ನಾಟಕ ಅಲ್ಲ, ಅವ್ರು ಬೇಕೂಂತ ಮಾಡ್ತಿಲ್ಲ, ಅದಕ್ಕೆ ಕೌನ್ಸೆಲಿಂಗ್ ಚಿಕಿತ್ಸೆ ಇದೆ.

ಡಾಕ್ಟರ್ ಹತ್ರ ಹೋದಾಗ

ಒಂದೇ ಸಲ ಬಂದ್ರೆ ಎಲ್ಲರಿಗೂ ಮಾತ್ರೆ ಶುರು ಮಾಡಲ್ಲ. ಯಾವ ಕಾರಣನೂ ಕಾಣದೆ 24 ಗಂಟೆಗಿಂತ ಹೆಚ್ಚಿನ ಅಂತರದಲ್ಲಿ 2 ಸಲ ಬಂದ್ರೆ, ಅಥವಾ ಒಂದೇ ಸಲ ಬಂದಿದ್ರೂ ಸ್ಕ್ಯಾನು ಇಇಜಿ ನೋಡಿ ಮತ್ತೆ ಬರೋ ಸಾಧ್ಯತೆ ಜಾಸ್ತಿ ಅನ್ಸಿದ್ರೆ ಎಪಿಲೆಪ್ಸಿ ಅಂತ ಹೇಳ್ತಾರೆ.

ಇಇಜಿ ಅಂದ್ರೆ ತಲೆಗೆ ವೈರು ಅಂಟಿಸಿ ಮೆದುಳಿನ ವಿದ್ಯುತ್ ಅಲೆ ಬರೆಯೋ ಪರೀಕ್ಷೆ, ನೋವಿಲ್ಲ, ಶಾಕ್ ಕೊಡಲ್ಲ. ಹಿಂದಿನ ದಿನ ಶಾಂಪೂ ಹಾಕಿ ತಲೆ ತೊಳೀರಿ, ಎಣ್ಣೆ ಹಚ್ಚಬೇಡಿ, ಎಣ್ಣೆ ಇದ್ರೆ ವೈರು ಕೂರಲ್ಲ. ರಾತ್ರಿ ಕಮ್ಮಿ ನಿದ್ದೆ ಮಾಡ್ಸಿ ಕರ್ಕೊಂಡ್ ಬನ್ನಿ ಅಂದಿದ್ರೆ ಹಾಗೇ ಮಾಡಿ, ಪರೀಕ್ಷೆ ಟೈಮಲ್ಲಿ ನಿದ್ದೆ ಬಂದ್ರೆ ಫಲಿತಾಂಶ ಚೆನ್ನಾಗಿ ಸಿಗತ್ತೆ. ಮಾತ್ರೆ ಮಾತ್ರ ಹೇಳದೇ ನಿಲ್ಲಿಸ್ಬೇಡಿ. ಇಇಜಿ ನಾರ್ಮಲ್ ಬಂತು ಅಂದ ಮಾತ್ರಕ್ಕೆ ಫಿಟ್ಸ್ ಇಲ್ಲ ಅಂತ ಅಲ್ಲ, ಆ ಅರ್ಧ ಗಂಟೆಯಲ್ಲಿ ಮೆದುಳು ಶಾಂತವಾಗಿತ್ತು ಅಷ್ಟೇ. ರಿಪೋರ್ಟ್ ನಾರ್ಮಲ್ ಅಂತ ಮಾತ್ರೆ ಎಸೆದವರನ್ನ ನೋಡಿದೀನಿ, ದಯವಿಟ್ಟು ಹಾಗೆ ಮಾಡ್ಬೇಡಿ.

ಎಂಆರ್‌ಐ ಯಾಕೆ ಅಂದ್ರೆ ಮೆದುಳಲ್ಲಿ ಕಲೆ, ಗಡ್ಡೆ, ಹಳೇ ಪೆಟ್ಟು, ಸ್ಟ್ರೋಕ್ ಗುರುತು ಇದ್ಯಾ ನೋಡೋಕೆ. 50 ದಾಟಿದ ಮೇಲೆ ಹೊಸದಾಗಿ ಫಿಟ್ಸ್ ಬಂದ್ರೆ ಇದು ಬೇಕೇ ಬೇಕು. ನಮ್ಮ ದೇಶದಲ್ಲಿ ಸ್ಕ್ಯಾನಲ್ಲಿ ತುಂಬ ಸಲ ಸಿಗೋದು ಲಾಡಿಹುಳದ ಮರಿ ಕೂತ ಸಣ್ಣ ಗಂಟು, ಡಾಕ್ಟರು ಎನ್‌ಸಿಸಿ ಅಂತಾರೆ. ನಾವು ಹಂದಿ ಮಾಂಸ ಮುಟ್ಟೋದೇ ಇಲ್ಲ, ನಮಗೆ ಹೇಗೆ ಬಂತು ಅಂತ ಮನೆಯವರು ಜಗಳಕ್ಕೇ ನಿಲ್ತಾರೆ. ಸರಿಯಾಗಿ ಬೇಯದ ಹಂದಿ ಮಾಂಸ ತಿಂದವರ ಕರುಳಲ್ಲಿ ಹುಳ ಬೆಳೆಯತ್ತೆ, ಅದರ ಮೊಟ್ಟೆ ಮಲದಲ್ಲಿ ಹೊರಗೆ ಬಂದು ನೀರಿಗೆ, ಹೊಲದ ಸೊಪ್ಪು ತರಕಾರಿಗೆ, ತೊಳೀದ ಕೈಗೆ ಸೇರತ್ತೆ. ಆ ಮೊಟ್ಟೆ ಯಾರ ಹೊಟ್ಟೆಗೆ ಹೋದ್ರೂ ಮರಿ ರಕ್ತದ ಮೂಲಕ ಮೆದುಳಿಗೆ ಹೋಗತ್ತೆ, ಶುದ್ಧ ಸಸ್ಯಾಹಾರಿಗೂ ಬರತ್ತೆ. ಕೊತ್ತಂಬರಿ, ಮೂಲಂಗಿ, ಕ್ಯಾರೆಟ್ ಥರ ಹಸಿ ತಿನ್ನೋದನ್ನ ಹರಿಯೋ ನೀರಲ್ಲಿ ಚೆನ್ನಾಗಿ ತೊಳೀರಿ. ಒಂದೇ ಗಂಟಿದ್ರೆ ಹೆಚ್ಚಿನವರಿಗೆ ಕಾಲಕ್ರಮೇಣ ಕರಗಿ ಹೋಗತ್ತೆ, ಆಲ್ಬೆಂಡಜೋಲ್ ಜೊತೆ ಸ್ಟೆರಾಯ್ಡ್ ಕೊಡ್ತಾರೆ. ಜಂತುಹುಳದ ಮಾತ್ರೆ ತಾನೇ ಅಂತ ಅಂಗಡಿಯಿಂದ ತಂದು ನೀವೇ ನುಂಗ್ಬೇಡಿ, ಮರಿ ಸಾಯುವಾಗ ಮೆದುಳು ಊದಿ ತೊಂದರೆ ಆಗಬಹುದು.

ಎಲ್ಲಿಗೆ ಹೋಗ್ಬೇಕು ಅಂದ್ರೆ, ಮೊದಲು ಹತ್ತಿರದ ತಾಲೂಕು ಅಥವಾ ಜಿಲ್ಲಾಸ್ಪತ್ರೆ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಅಂತ ಶುರು ಮಾಡಿ ಜಿಲ್ಲಾಸ್ಪತ್ರೆಗಳಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ತೆರೆದಿದೆ, ಅಲ್ಲಿ ವಿಚಾರಿಸಿ. ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗೋರು ಹಳೇ ಚೀಟಿ, ಸ್ಕ್ಯಾನ್ ಫಿಲಂ, ಖಾಲಿ ಮಾತ್ರೆ ಪಟ್ಟಿ, ಆ ನೋಟ್‌ಬುಕ್ಕು ಎಲ್ಲ ಒಂದೇ ಕವರಲ್ಲಿ ಹಾಕ್ಕೊಂಡು ಹೋಗಿ.

ಬಿಸಿನೀರಿನ ಫಿಟ್ಸ್: ಇದು ನಮ್ಮ ಕಡೆಯವರು ತಿಳ್ಕೊಳ್ಳಲೇಬೇಕಾದ್ದು

ತಲೆಗೆ ಬಿಸಿನೀರು ಹುಯ್ಕೊಂಡಾಗ ಮಾತ್ರ ಬರೋ ಫಿಟ್ಸ್ ಒಂದಿದೆ. ಇದು ಜಗತ್ತಲ್ಲಿ ಬೇರೆ ಕಡೆ ಅಪರೂಪ, ದಕ್ಷಿಣ ಭಾರತದಲ್ಲಿ, ಅದರಲ್ಲೂ ಹಳೇ ಮೈಸೂರು ಕಡೆ ಸಾಕಷ್ಟು ಕಾಣಿಸಿಕೊಳ್ಳತ್ತೆ. 1945ರಲ್ಲಿ ನ್ಯೂಜಿಲೆಂಡಿನಿಂದ ಮೊದಲ ವರದಿ ಬಂತು, ಆಮೇಲೆ ಬೆಂಗಳೂರಿನ ನ್ಯೂರಾಲಜಿಸ್ಟ್ ಡಾ. ಕೆ.ಎಸ್. ಮಣಿ ಇಲ್ಲಿನ ರೋಗಿಗಳ ಬಗ್ಗೆ ಬರೆದ್ರು, 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಜೊತೆಯವರು 279 ಜನರ ವಿವರ ಒಟ್ಟಿಗೆ ಪ್ರಕಟಿಸಿದ್ರು.

ನಮ್ಮ ಸ್ನಾನದ ರೀತಿ ನೆನಪು ಮಾಡ್ಕೊಳ್ಳಿ. ಹಂಡೆಯಲ್ಲಿ ಹೊಗೆಯಾಡೋ ನೀರು, ಎಣ್ಣೆ ಹಚ್ಚಿದ ತಲೆ, ಚೊಂಬಿನ ಮೇಲೆ ಚೊಂಬು ತಲೆ ಮೇಲೇ ಹುಯ್ಯೋದು. ನೀರು 40ರಿಂದ 50 ಡಿಗ್ರಿ ಇರತ್ತೆ. ಈ ಕಾಯಿಲೆ ಇರೋವ್ರಿಗೆ ನೀರು ತಲೆಗೆ ಬೀಳ್ತಾ ಇರುವಾಗಲೇ ಅಥವಾ ಸ್ನಾನ ಮುಗಿದ ಕೂಡಲೇ ಕಣ್ಣು ನೆಟ್ಟ ನೋಟ, ಭಯ, ಹೇಳಿದ್ದನ್ನೇ ಹೇಳೋದು, ಕೆಲವರಿಗೆ ಪೂರ್ತಿ ಒದ್ದಾಟ. ಮೈಗೆ ಮಾತ್ರ ಹುಯ್ಕೊಂಡ್ರೆ ಏನೂ ಆಗಲ್ಲ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಜಾಸ್ತಿ, ಹೆಚ್ಚಾಗಿ ಚಿಕ್ಕ ವಯಸ್ಸಲ್ಲೇ ಶುರು, ಕೆಲವು ಮನೆತನದಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಇರತ್ತೆ. ಇನ್ನು ಕೆಲವರಿಗೆ ಫಿಟ್ಸ್ ಶುರು ಆಗುವಾಗ ಒಂಥರಾ ಸುಖ ಅನ್ಸಿ ನಿಲ್ಲಿಸೋಕಾಗದೇ ಇನ್ನೂ ಇನ್ನೂ ಬಿಸಿನೀರು ಹುಯ್ಕೊಳ್ತಾ ಹೋಗ್ತಾರೆ. ಮಗು ಬಚ್ಚಲಿಂದ ಬೇಗ ಬರಲ್ಲ, ಕರೆದ್ರೆ ಉತ್ತರ ಇಲ್ಲ ಅಂದ್ರೆ ಅದನ್ನ ಹಟ ಅಂದ್ಕೊಳ್ಳದೆ ಒಳಗೆ ಹೋಗಿ ನೋಡಿ.

ಮಾಡ್ಬೇಕಾದ್ದು ತುಂಬ ಸರಳ. ತಲೆಗೆ ಉಗುರುಬೆಚ್ಚಗಿನ ನೀರು ಮಾತ್ರ, ಅದೂ ಚೊಂಬಲ್ಲಿ ಸುರಿಯೋ ಬದಲು ಒದ್ದೆ ಬಟ್ಟೆಯಲ್ಲಿ ನಿಧಾನಕ್ಕೆ ಒರೆಸಿ ತೊಳೀರಿ. ಬಚ್ಚಲ ಬಾಗಿಲಿಗೆ ಚಿಲಕ ಬೇಡ. ಬರೀ ಇದರಿಂದಲೇ ಎಷ್ಟೋ ಜನಕ್ಕೆ ನಿಂತುಹೋಗತ್ತೆ. ಹಾಗೂ ಬಂದ್ರೆ ತಲೆಸ್ನಾನದ ದಿನ ಒಂದು ಒಂದೂವರೆ ಗಂಟೆ ಮುಂಚೆ ಕ್ಲೋಬಜಾಮ್ ಮಾತ್ರೆ ಕೊಡೋ ಪದ್ಧತಿ ಇದೆ, ನಿಮ್ಹಾನ್ಸ್‌ನಿಂದಲೇ ಬಂದ ಚಿಕಿತ್ಸೆ ಇದು, ಡೋಸ್ ಡಾಕ್ಟರ್ ಹೇಳ್ತಾರೆ. ದೀಪಾವಳಿ, ಯುಗಾದಿ ಅಭ್ಯಂಜನದ ದಿನ ನೆನಪಿಟ್ಟು ಮಾತ್ರೆ ಕೊಡಿ. ಒಂದಷ್ಟು ಜನಕ್ಕೆ ಮುಂದೆ ಸ್ನಾನ ಇಲ್ಲದೇ ಇರುವಾಗಲೂ ಫಿಟ್ಸ್ ಬರೋಕೆ ಶುರು ಆಗಬಹುದು, ಆಗ ದಿನಾ ಮಾತ್ರೆ ಬೇಕಾಗತ್ತೆ, ಹಾಗಾಗಿ ಸ್ನಾನದಲ್ಲಿ ಮಾತ್ರ ತಾನೇ ಅಂತ ತೋರಿಸದೇ ಇರಬೇಡಿ.

ಮಾತ್ರೆ

ಡಾ. ಮಣಿ ಮತ್ತವರ ತಂಡ ಚಾಮರಾಜನಗರ ಜಿಲ್ಲೆಯ ಯಳಂದೂರು ತಾಲೂಕಿನ ಹಳ್ಳಿಗಳಲ್ಲಿ ಫೀನೋಬಾರ್ಬಿಟೋನ್, ಫೆನಿಟಾಯಿನ್ ಅನ್ನೋ ಹಳೇ ಅಗ್ಗದ ಮಾತ್ರೆ ಕೊಟ್ಟು ವರ್ಷಗಟ್ಟಲೆ ಜನರ ಬೆನ್ನು ಹತ್ತಿ ನೋಡಿಕೊಂಡ್ರು, 2001ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಅದು ಪ್ರಕಟ ಆಯ್ತು. ಹಳ್ಳಿಯಲ್ಲಿದ್ದುಕೊಂಡೇ ಕಮ್ಮಿ ಖರ್ಚಲ್ಲಿ ಫಿಟ್ಸ್ ಹತೋಟಿಗೆ ತರಬಹುದು ಅಂತ ಅವ್ರು ತೋರಿಸಿಕೊಟ್ರು. ದೊಡ್ಡ ಆಸ್ಪತ್ರೆ ದುಬಾರಿ ಮಾತ್ರೆ ಇಲ್ಲದೇ ಏನೂ ಆಗಲ್ಲ ಅಂತ ಕೈಚೆಲ್ಲಿ ಕೂತವರಿಗೆ ಇದನ್ನ ಹೇಳ್ಬೇಕು ಅನ್ಸತ್ತೆ. ಫೆನಿಟಾಯಿನ್, ಕಾರ್ಬಮಜೆಪಿನ್, ವ್ಯಾಲ್ಪ್ರೋಯೇಟ್, ಲೆವೆಟಿರಸೆಟಮ್ ಇವೆಲ್ಲ ಜನೌಷಧಿ ಅಂಗಡಿಯಲ್ಲಿ ಕಮ್ಮಿ ಬೆಲೆಗೆ ಸಿಗೋದಿದೆ, ಸರ್ಕಾರಿ ಆಸ್ಪತ್ರೆಯಲ್ಲಿ ಕೆಲವು ಪುಕ್ಕಟೆ. ಒಂದೇ ಕಂಪನಿಯ ಮಾತ್ರೆ ಹಿಡಿದ್ರೆ ಆದಷ್ಟು ಅದನ್ನೇ ಮುಂದುವರಿಸಿ, ಬದಲಾಯಿಸ್ಬೇಕಾದ್ರೆ ಡಾಕ್ಟರಿಗೆ ಹೇಳಿ.

ಟೈಮು ಮುಖ್ಯ. ಬೆಳಗ್ಗೆ 8 ರಾತ್ರಿ 8 ಅಂದ್ರೆ 8ಕ್ಕೇ, ಫೋನಲ್ಲಿ ಅಲಾರಂ ಇಡಿ, ವಾರದ ಮಾತ್ರೆ ಡಬ್ಬಿ ತಗೊಳ್ಳಿ. ಮರೆತ್ರೆ ನೆನಪಾದ ಕೂಡಲೇ ತಗೊಳ್ಳಿ, ಮುಂದಿನ ಡೋಸಿನ ಟೈಮೇ ಹತ್ರ ಬಂದಿದ್ರೆ ಎರಡೂ ಒಟ್ಟಿಗೆ ನುಂಗಬೇಡಿ, ಡಾಕ್ಟರಿಗೋ ಆಸ್ಪತ್ರೆಗೋ ಫೋನ್ ಮಾಡಿ ಕೇಳಿ. ಇರೋ ಪಟ್ಟಿ ಖಾಲಿ ಆಗೋಕೆ ಒಂದು ವಾರ ಮುಂಚೆನೇ ಹೊಸದು ತನ್ನಿ, ಮದುವೆ ಮನೆ, ಜಾತ್ರೆ, ಶಬರಿಮಲೆ ಎಲ್ಲಿಗೆ ಹೋದ್ರೂ ಕೈಚೀಲದಲ್ಲಿ ಎರಡು ದಿನದ್ದು ಹೆಚ್ಚಿಗೆ ಇರ್ಲಿ. ಉಪವಾಸದ ದಿನ ಮಾತ್ರೆ ಬಿಡಬೇಡಿ. ರಂಜಾನ್ ಉಪವಾಸ ಮಾಡೋರು ಒಂದು ತಿಂಗಳು ಮುಂಚೆ ಡಾಕ್ಟರ್ ನೋಡಿ ಟೈಮು ಬದಲಿಸಿಕೊಳ್ಳಿ.

ತೊಂದರೆಗಳೂ ಗೊತ್ತಿರ್ಲಿ, ಗೊತ್ತಿದ್ರೆ ಹೆದರಿ ನಿಲ್ಲಿಸಲ್ಲ. ಫೆನಿಟಾಯಿನ್‌ನಿಂದ ವಸಡು ಊದತ್ತೆ, ಡೋಸ್ ಜಾಸ್ತಿ ಆದ್ರೆ ತೂರಾಡ್ತಾರೆ. ವ್ಯಾಲ್ಪ್ರೋಯೇಟ್‌ನಿಂದ ತೂಕ ಏರೋದು, ಕೂದಲು ಉದುರೋದು, ಕೈ ನಡುಕ. ಲೆವೆಟಿರಸೆಟಮ್ ಶುರು ಮಾಡಿದ ಮೇಲೆ ಸಿಟ್ಟು, ಕಿರಿಕಿರಿ, ಮಂಕು ಜಾಸ್ತಿ ಆದ್ರೆ ಅದು ಅವ್ರ ಸ್ವಭಾವ ಅಲ್ಲ, ಮಾತ್ರೆದ್ದಿರಬಹುದು. ಕಾರ್ಬಮಜೆಪಿನ್, ಫೆನಿಟಾಯಿನ್, ಲ್ಯಾಮೋಟ್ರಿಜಿನ್ ಶುರು ಮಾಡಿದ ಮೊದಲ ವಾರಗಳಲ್ಲಿ ಮೈಮೇಲೆ ಗಂಧೆ, ಬಾಯಲ್ಲಿ ಹುಣ್ಣು, ಕಣ್ಣು ಕೆಂಪು, ಜ್ವರ ಬಂದ್ರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಇದೊಂದು ಕಾಯೋ ವಿಷಯ ಅಲ್ಲ. ಬೇರೆ ಕಾಯಿಲೆಗೆ ಹೋದಾಗಲೂ ಫಿಟ್ಸ್ ಇದೆ ಅಂತ ಹೇಳಿ, ಯಾಕಂದ್ರೆ ಸಿಪ್ರೊಫ್ಲಾಕ್ಸಾಸಿನ್ ಥರದ ಆಂಟಿಬಯಾಟಿಕ್, ನೋವಿಗೆ ಕೊಡೋ ಟ್ರಮಡಾಲ್ ಫಿಟ್ಸ್ ತರಿಸಬಹುದು.

ಹೆಣ್ಣುಮಕ್ಕಳಿಗೆ

ಗರ್ಭಿಣಿ ವ್ಯಾಲ್ಪ್ರೋಯೇಟ್ ತಗೊಳ್ತಿದ್ರೆ ಹುಟ್ಟೋ ಮಕ್ಕಳಲ್ಲಿ 100ಕ್ಕೆ ಸುಮಾರು 10 ಮಕ್ಕಳಿಗೆ ಅಂಗದೋಷ, 30ರಿಂದ 40 ಮಕ್ಕಳಿಗೆ ಮಾತು, ಕಲಿಕೆ, ಬುದ್ಧಿ ಬೆಳವಣಿಗೆ ಹಿಂದೆ ಬೀಳೋ ತೊಂದರೆ ಕಂಡುಬಂದಿದೆ. ಅದಕ್ಕೇ ಮದುವೆ ಮಾತುಕತೆ ಶುರು ಆದಾಗಲೇ ಡಾಕ್ಟರ್ ಹತ್ರ ಹೋಗಿ ಬೇರೆ ಮಾತ್ರೆಗೆ ಬದಲಿಸೋಕಾಗತ್ತಾ ಕೇಳಿ, ಫೋಲಿಕ್ ಆಸಿಡ್ ಶುರು ಮಾಡಿ. ಗರ್ಭ ನಿಂತ ಮೇಲೆ ಹೆದರಿ ದಿಢೀರ್ ನಿಲ್ಲಿಸೋದು ಇನ್ನೂ ಅಪಾಯ, ಒಂದು ದೊಡ್ಡ ಫಿಟ್ಸ್ ಬಂದು ಬಿದ್ರೆ ತಾಯಿ ಮಗು ಇಬ್ಬರಿಗೂ ಪೆಟ್ಟು. ಗರ್ಭನಿರೋಧಕ ಮಾತ್ರೆ ತಗೊಳ್ಳೋರು ಕಾರ್ಬಮಜೆಪಿನ್, ಫೆನಿಟಾಯಿನ್, ಫೀನೋಬಾರ್ಬಿಟೋನ್ ಜೊತೆ ಅದು ಸರಿಯಾಗಿ ಕೆಲಸ ಮಾಡಲ್ಲ ಅಂತ ತಿಳ್ಕೊಳ್ಳಿ. ಫಿಟ್ಸ್ ಇರೋ ಹೆಚ್ಚಿನ ತಾಯಂದಿರಿಗೆ ಆರೋಗ್ಯವಂತ ಮಕ್ಕಳೇ ಹುಟ್ಟೋದು, ಎದೆಹಾಲೂ ಸಾಮಾನ್ಯವಾಗಿ ಕೊಡಬಹುದು.

ಮದುವೆ ವಿಷಯ. ಫಿಟ್ಸ್ ಇರೋದೇ ಮದುವೆ ಮುರಿಯೋಕೆ ಕಾರಣ ಅನ್ನೋ ಮಾತು ಹಿಂದೂ ವಿವಾಹ ಕಾಯ್ದೆಯಲ್ಲಿ, ವಿಶೇಷ ವಿವಾಹ ಕಾಯ್ದೆಯಲ್ಲಿ ಮುಂಚೆ ಇತ್ತು, 1999ರಲ್ಲಿ ಅದನ್ನ ತೆಗೆದುಹಾಕಿದ್ರು. ಕಾನೂನು ಜೊತೆಗಿದೆ. ಹಾಗಿದ್ರೂ ಮುಚ್ಚಿಟ್ಟು ಮದುವೆ ಮಾಡ್ಬೇಡಿ, ಅತ್ತೆ ಮನೇಲಿ ಗೊತ್ತಾಗಬಾರ್ದು ಅಂತ ಹುಡುಗಿ ಮಾತ್ರೆ ಬಿಡ್ತಾಳೆ, ಮದುವೆ ಓಡಾಟದಲ್ಲಿ ನಿದ್ದೆನೂ ಇರಲ್ಲ, ಒಂದು ವಾರದೊಳಗೆ ಫಿಟ್ಸ್ ಬರತ್ತೆ. ಮೊದಲೇ ಹೇಳಿ ಒಪ್ಪಿದ ಮನೆಗೆ ಕೊಟ್ರೆ ಅಲ್ಲಿ ಟೈಮಿಗೆ ಮಾತ್ರೆ ನೆನಪು ಮಾಡೋರು ಇನ್ನೊಬ್ಬರು ಸಿಗ್ತಾರೆ.

ದಿನಾ ನೋಡ್ಕೊಳ್ಳೋದು

ನಿದ್ದೆ ಕೆಡಿಸ್ಕೋಬಾರ್ದು. ಶಿವರಾತ್ರಿ ಜಾಗರಣೆ, ರಾತ್ರಿಯಿಡೀ ಆಟ ನೋಡೋದು, ನೈಟ್ ಶಿಫ್ಟ್ ಇವು ಫಿಟ್ಸ್ ಇರೋವ್ರಿಗೆ ಆಗಲ್ಲ, ದೇವರ ಪೂಜೆ ಸಂಜೆನೇ ಮುಗಿಸಿ ಮಲಗಲಿ. ಕುಡಿತ ಬೇಡ, ದಿನಾ ಕುಡಿಯೋರು ದಿಢೀರ್ ಬಿಟ್ರೂ ಫಿಟ್ಸ್ ಬರತ್ತೆ ಹಾಗಾಗಿ ಡಾಕ್ಟರ್ ನೋಡಿ ಬಿಡಿ. ಒಬ್ಬರೇ ಕೆರೆ ಬಾವಿಗೆ ಇಳಿಯೋದು, ತೆಂಗಿನ ಮರ ಹತ್ತೋದು, ಟ್ರ್ಯಾಕ್ಟರ್ ಓಡಿಸೋದು, ಸೌದೆ ಒಲೆ ಮುಂದೆ ಒಬ್ಬರೇ ಕೂರೋದು ಬೇಡ. ಡ್ರೈವಿಂಗ್ ಲೈಸೆನ್ಸ್ ಅರ್ಜಿ ಜೊತೆ ಕೊಡೋ ಫಾರಂ 1ರಲ್ಲೇ ಫಿಟ್ಸ್ ಇದ್ಯಾ ಅಂತ ಕೇಳ್ತಾರೆ, ಸುಳ್ಳು ಬರೆದು ಬೈಕ್ ಹತ್ತೋದು ಬೇರೆಯವರ ಜೀವಕ್ಕೂ ಕುತ್ತು. ಶಾಲೆಗೆ ಮಾತ್ರ ಕಳಿಸಿ, ಆಟಕ್ಕೂ ಬಿಡಿ, ಟೀಚರ್‌ಗೆ ಮೊದಲ 5 ನಿಮಿಷದ ವಿಷಯ ಒಂದು ಹಾಳೆಯಲ್ಲಿ ಬರ್ದು ಕೊಡಿ.

ಮಾತ್ರೆಗೆ ಕೇಳದಿದ್ರೆ, ಮತ್ತೆ ಮಾತ್ರೆ ನಿಲ್ಲಿಸೋ ಮಾತು

ಸರಿಯಾಗಿ ಆರಿಸಿದ 2 ಔಷಧಿ ಸರಿಯಾದ ಡೋಸಲ್ಲಿ ತಗೊಂಡ್ರೂ ಫಿಟ್ಸ್ ಬರ್ತಾನೇ ಇದ್ರೆ ಮೂರನೇದು ನಾಲ್ಕನೇದು ಅಂತ ವರ್ಷ ಕಳೀಬೇಡಿ, ಎಪಿಲೆಪ್ಸಿ ಸರ್ಜರಿ ಮಾಡೋ ಕಡೆ ತೋರಿಸಿ, ನಿಮ್ಹಾನ್ಸ್ ಇದೆ, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಇದೆ. ದೆಹಲಿ ಏಮ್ಸ್‌ನವರು ಔಷಧಿಗೆ ಕೇಳದ 116 ಮಕ್ಕಳಲ್ಲಿ ಅರ್ಧ ಜನಕ್ಕೆ ಆಪರೇಷನ್ ಮಾಡಿ, ಉಳಿದವರಿಗೆ ಔಷಧಿ ಮಾತ್ರ ಕೊಟ್ಟು ನೋಡಿದಾಗ, ಒಂದು ವರ್ಷದಲ್ಲಿ ಆಪರೇಷನ್ ಆದವರಲ್ಲಿ 100ಕ್ಕೆ 77 ಮಕ್ಕಳಿಗೆ ಫಿಟ್ಸ್ ನಿಂತಿತ್ತು, ಔಷಧಿ ಮಾತ್ರ ತಗೊಂಡವರಲ್ಲಿ 100ಕ್ಕೆ 7 ಮಕ್ಕಳಿಗೆ. 2017ರಲ್ಲಿ ಪ್ರಕಟ ಆದ ಫಲಿತಾಂಶ ಇದು. ಎಲ್ಲರಿಗೂ ಆಪರೇಷನ್ ಆಗಲ್ಲ, ಫಿಟ್ಸ್ ಹುಟ್ಟೋ ಜಾಗ ಒಂದೇ ಕಡೆ ಇರ್ಬೇಕು, ಅದನ್ನ ತೆಗೆದ್ರೆ ಮಾತು, ಕೈಕಾಲಿನ ಶಕ್ತಿ, ನೆನಪಿಗೆ ತೊಂದರೆ ಆಗಬಾರ್ದು, ಅದಕ್ಕೇ ಮುಂಚೆ ಬಹಳ ಪರೀಕ್ಷೆ ಮಾಡ್ತಾರೆ. ಆಪರೇಷನ್ ಆಗದ ಮಕ್ಕಳಿಗೆ ಜಿಡ್ಡು ಜಾಸ್ತಿ, ಅನ್ನ ರಾಗಿ ಸಕ್ಕರೆ ತುಂಬ ಕಮ್ಮಿ ಇರೋ ಕೀಟೋಜೆನಿಕ್ ಊಟದ ಪದ್ಧತಿನೂ ಇದೆ, ಡಯಟೀಷಿಯನ್ ಜೊತೆಗಿದ್ರೆ ಮಾತ್ರ ಮಾಡಿ.

ಮಾತ್ರೆ ನಿಲ್ಲಿಸೋ ಮಾತು ಬರೋದು ಒಂದೂ ಫಿಟ್ಸ್ ಇಲ್ಲದೇ ಕನಿಷ್ಠ 2 ವರ್ಷ ಕಳೆದ ಮೇಲೆ, ಕೆಲವರಿಗೆ ಇನ್ನೂ ಜಾಸ್ತಿ. ಬೆಳಗ್ಗೆ ಕೈ ಎಗರೋ ಥರದವರಿಗೆ ಬಹಳ ಸಲ ಜೀವನಪೂರ್ತಿ ಬೇಕಾಗತ್ತೆ. ನಿಲ್ಲಿಸುವಾಗ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸ್ತಾರೆ, ಆ ತಿಂಗಳುಗಳಲ್ಲಿ ಮತ್ತೆ ನಿಲ್ಲಿಸಿದ ಮೊದಲ ವರ್ಷ ಬೈಕು, ಈಜು, ಎತ್ತರ ಬೇಡ. ಪರೀಕ್ಷೆ, ಮದುವೆ, ಹೊಸ ಕೆಲಸ ಇರೋ ಟೈಮಲ್ಲಿ ಇಳಿಸೋಕೆ ಹೋಗ್ಬೇಡಿ. ನಿಲ್ಲಿಸಿದ ಮೇಲೆ ಮತ್ತೆ ಬಂದ್ರೆ ಎದೆಗುಂದಬೇಡಿ, ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ, ಹೆಚ್ಚಿನವರಿಗೆ ಮುಂಚಿನ ಮಾತ್ರೆನೇ ಮತ್ತೆ ಶುರು ಮಾಡಿದ್ರೆ ಹತೋಟಿಗೆ ಬರತ್ತೆ, ಹಾಗಾಗಿ ಯಾವ ಮಾತ್ರೆ ಎಷ್ಟು ಡೋಸಲ್ಲಿ ಕೆಲಸ ಮಾಡಿತ್ತು ಅಂತ ಆ ನೋಟ್‌ಬುಕ್ಕಲ್ಲಿ ದೊಡ್ಡ ಅಕ್ಷರದಲ್ಲಿ ಬರ್ದಿಟ್ಟಿರಿ.